ಗೋದಿ ಒಗ್ಗದ ಮಕ್ಕಳೂ ಗರಿಗರಿಯಾದ ತಿಂಡಿಗಳೂ

ಗೋದಿಯು ಧಾನ್ಯಗಳಲ್ಲಿ ಶ್ರೇಷ್ಠವಾದುದೆಂದೂ ಬೆಳೆಯುವ ಮಕ್ಕಳಿಗೆ ಬಲಕಾರಿಯಾದುದೆಂದೂ ಸಾಮಾನ್ಯವಾಗಿ ಎಲ್ಲರೂ ನಂಬಿರುವರು. ಬಹು ಮಂದಿಯ ವಿಷಯದಲ್ಲಿ ಈ ನಂಬಿಕೆಯಿಂದ ಕೇಡೇನೂ ಇಲ್ಲ. ಆದರೆ ಕೆಲವು ಮಕ್ಕಳಿಗೆ ಗೋದಿಯೇ ವಿಷಪ್ರಾಯವಾಗಿ ಪರಿಣಮಿಸುವುದುಂಟು. ಗೋದಿಯ ಹಿಟ್ಟನ್ನು ನಾದಿದಾಗ ಅದಕ್ಕೆ ಜಿಗುಟನ್ನು ಕೊಡತಕ್ಕ ಗ್ಲೂಟೆನ್ ಎಂಬ ಸಸಾರಜನಕ ಪದಾರ್ಥವು ಇಂಥ ಮಕ್ಕಳ ಸಣ್ಣ ಕರುಳನ್ನು ಸೇರಿದೊಡನೆ, ದೇಹವು ತನ್ನ ಕರುಳಿನ ಒಳಪದರದ ಮೇಲೆಯೇ ತಾನು ದಾಳಿಮಾಡಲಾರಂಭಿಸುತ್ತದೆ. ಆಹಾರದ ಸಾರವನ್ನು ಹೀರತಕ್ಕ ಬೆರಳಿನಾಕಾರದ ಸೂಕ್ಷ್ಮವಾದ ಕುಚ್ಚುಗಳು ಸವೆದು ಚಪ್ಪಟೆಯಾಗುವುವು. ತರುವಾಯ ಮಗುವು ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಹೊಟ್ಟೆ ಉಬ್ಬುವುದು, ಭೇದಿ, ರಕ್ತಹೀನತೆ, ವಯಸ್ಸಿಗೆ ತಕ್ಕ ಎತ್ತರವಿಲ್ಲದಿರುವುದು, ಸದಾ ಸಿಡುಕು, ಇವು ಇದರ ಲಕ್ಷಣಗಳು. ಇದಕ್ಕೆ ಸೀಲಿಯಾಕ್ ರೋಗವೆಂದು ಹೆಸರು. ಭಾರತದ ಉತ್ತರ ಭಾಗದಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಇದು ಕಂಡುಬರುತ್ತದೆ. ದಕ್ಷಿಣದಲ್ಲಿ ಬಹಳ ವಿರಳ. ವಿರಳವಾದುದರಿಂದಲೇ ನಮ್ಮ ಹಳ್ಳಿಗಳಲ್ಲಿ ಇದನ್ನು ಜಂತುಹುಳು, ದೃಷ್ಟಿದೋಷ, ಬಾಲಗ್ರಹ ಎಂದು ಎಣಿಸಿ ವರುಷಗಟ್ಟಲೆ ಕಾಲವನ್ನು ಕಳೆಯುವ ಸಂಭವವೂ ಹೆಚ್ಚು.

ಈ ರೋಗಕ್ಕೂ ಗೋದಿಗೂ ಇರುವ ಸಂಬಂಧವನ್ನು ಸ್ಥಿರಪಡಿಸಿದವರು ಹಾಲೆಂಡ್ ದೇಶದ ಮಕ್ಕಳ ವೈದ್ಯರಾದ ಡಿಕ್ಕೆ ಎಂಬವರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ, ಆ ದೇಶದಲ್ಲಿ ರೊಟ್ಟಿಗೆ ಘೋರವಾದ ಕ್ಷಾಮವುಂಟಾಯಿತು. ಊರೆಲ್ಲ ಹಸಿವಿನಿಂದ ಸೊರಗುತ್ತಿದ್ದಾಗ ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡು, ರೊಟ್ಟಿಯು ಮರಳಿ ದೊರೆತ ಮೇಲೆ ಪುನಃ ಕಾಯಿಲೆ ಬಿದ್ದುದು ಅವರ ಗಮನಕ್ಕೆ ಬಂದಿತು. ಅವರು ಮೊದಲೇ ತಾಳಿದ್ದ ಸಂಶಯವು ಇದರಿಂದ ಬಲಗೊಂಡಿತು. 1950ರಲ್ಲಿ ಅವರ ಪ್ರಬಂಧವು ಹೊರಬಿತ್ತು. ಗೋದಿಯೊಡನೆ ಬಾರ್ಲಿ ಮತ್ತು ರೈ ಧಾನ್ಯಗಳೂ ವರ್ಜ್ಯವೆಂಬುದು ಈಗ ನಿಶ್ಚಿತವಾಗಿದೆ. ಇಂದಿಗೂ ಇದಕ್ಕೆ ಔಷಧಿಯಿಲ್ಲ; ಜೀವಾವಧಿ ಪಥ್ಯವೊಂದೇ ಚಿಕಿತ್ಸೆ. ಪಥ್ಯವನ್ನು ಸರಿಯಾಗಿ ನಡೆಸಿದಲ್ಲಿ ಕರುಳು ತಾನಾಗಿಯೇ ವಾಸಿಯಾಗಿ ಮಗುವು ಎಲ್ಲರಂತೆ ಬೆಳೆಯುತ್ತದೆ. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಸಂಶಯ ಬಂದೊಡನೆ ಮನೆಯವರೇ ಗೋದಿಯನ್ನು ನಿಲ್ಲಿಸಬಾರದು. ಗೋದಿಯನ್ನು ಉಣ್ಣುತ್ತಿರುವಾಗಲೇ ರಕ್ತಪರೀಕ್ಷೆಯೂ ಅವಶ್ಯಬಿದ್ದರೆ ಕರುಳಿನ ಪರೀಕ್ಷೆಯೂ ಆಗತಕ್ಕದ್ದು. ಮೊದಲೇ ನಿಲ್ಲಿಸಿದರೆ ಪರೀಕ್ಷೆಯಲ್ಲಿ ರೋಗವು ಗೋಚರಿಸದೆ ಹೋಗಬಹುದು.

ರಾಗಿ, ಜೋಳ, ಅಕ್ಕಿ, ಸಜ್ಜೆ, ನವಣೆಗಳನ್ನು ಬೆಳೆಯುವ ನಾಡಿನಲ್ಲಿ ಗೋದಿಯನ್ನು ಬಿಡುವುದು ಎಷ್ಟರ ಕೆಲಸವೆಂದು ಕೇಳಬಹುದು. ಮುದ್ದೆ, ಅನ್ನ, ಗಂಜಿಗಳನ್ನು ಒಲ್ಲೆನೆನ್ನದೆ ಉಣ್ಣುವ ಮಗುವಾದರೆ ಈ ಮಾತು ನಿಜ. ಕಷ್ಟವಿರುವುದು ಆಯ್ದು ಆಯ್ದು ತಿನ್ನುವ ಮಗುವಿನಲ್ಲಿ. ಐದಾರು ವರುಷದ ಒಂದು ಮಗುವನ್ನು ಊಹಿಸಿಕೊಳ್ಳಬಹುದು. ಅಂಗಡಿಯ ಬಿಸ್ಕತ್ತು, ರಸ್ಕು, ಖಾರಿ, ಇವನ್ನೇ ಅದು ಇದುವರೆಗೆ ಮೆಚ್ಚಿ ತಿಂದಿದೆ; ಮೆತ್ತಗಿರುವುದನ್ನು ಬಾಯಿಗಿಟ್ಟರೆ ಓಕರಿಸುತ್ತದೆ. ವೈದ್ಯರು ಒಂದು ದಿನ ಈ ಮೂರನ್ನೂ ಒಟ್ಟಿಗೆ ನಿಲ್ಲಿಸಿಬಿಡುವರು. ಮಗುವಿನ ಕಣ್ಣಿಗೆ ಮನೆಯಲ್ಲಿ ಉಳಿದಿರುವುದೆಲ್ಲವೂ ಮೆತ್ತಗಿನ ಪದಾರ್ಥವೇ. ಅದು ಉಪವಾಸ ಬೀಳುತ್ತದೆ. ಮೊದಲೇ ಇಳಿದಿದ್ದ ತೂಕ ಇನ್ನೂ ಇಳಿಯುತ್ತದೆ. ಮೂರನೆಯ ದಿನ ಅಜ್ಜಿಯ ಕರುಳು ತಾಳದೆ, “ಪಾಪ, ಹಸಿದುಕೊಂಡಿದೆಯಮ್ಮ ಕೂಸು, ಒಂದೇ ಒಂದು ಬಿಸ್ಕತ್ತು ತಿಂದರೆ ಏನಾಗುತ್ತದೆ?” ಎಂದು ಸೆರಗಿನ ಮರೆಯಲ್ಲಿ ಕೊಟ್ಟುಬಿಡುವಳು. ಪಥ್ಯವು ಕೆಡುವುದು ಸಾಮಾನ್ಯವಾಗಿ ಹೀಗೆಯೇ. ಇದರಲ್ಲಿ ಅಜ್ಜಿಯ ತಪ್ಪಿಗಿಂತ ಮನೆಯ ಡಬ್ಬಿಯು ಬರಿದಾಗಿದ್ದುದರ ತಪ್ಪೇ ಹೆಚ್ಚು.

ಮಗುವಿನ ಹಟವನ್ನು ಬರಿಯ ಹಟವೆಂದೆಣಿಸುವುದೂ ಸರಿಯಲ್ಲ. ಕೆಲವು ಮಕ್ಕಳಿಗೆ ನಾಲಗೆಯ ಸ್ಪರ್ಶಜ್ಞಾನವು ಇತರರಿಗಿಂತ ಹರಿತವಾಗಿರುವುದು. ಗರಿಗರಿಯಾದ ತಿಂಡಿಯು ಪ್ರತಿಸಲವೂ ಒಂದೇ ತೆರನಾಗಿ ಮುರಿಯುತ್ತದೆ, ಒಂದೇ ತೆರನಾಗಿ ಸದ್ದು ಮಾಡುತ್ತದೆ. ಹುಳಿಯೊಳಗಿನ ಬದನೆಕಾಯಿಯು ಈ ದಿನ ಇದ್ದಂತೆ ನಾಳೆ ಇರುವುದಿಲ್ಲ. ಆದಕಾರಣ ಇಂಥ ಮಗುವಿಗೆ ಮೊದಲು ಗರಿಗರಿಯಾದುದನ್ನೇ, ಗೋದಿಯಿಲ್ಲದೆ, ಒದಗಿಸುವುದು ಜಾಣತನ. ಇದಕ್ಕೆ ಪರದೇಶದಿಂದ ಬೆಲೆಬಾಳುವ ಪೊಟ್ಟಣಗಳನ್ನು ತರಿಸಬೇಕಾದುದಿಲ್ಲ. ಗ್ಲೂಟೆನ್ ಇಲ್ಲದ ಹಿಟ್ಟಿನಿಂದ ಉಬ್ಬಿದ ಮೆತ್ತನೆಯ ರೊಟ್ಟಿಯನ್ನು ಮಾಡುವುದು ಕಷ್ಟ. ಗರಿಗರಿಯಾದುದನ್ನು ಮಾಡುವುದು ಅದಕ್ಕಿಂತ ಬಹಳ ಸುಲಭ. ಹಿಟ್ಟಿನ ಪಿಷ್ಟವು ಬೆಂದು, ಅದರೊಳಗಿನ ನೀರು ಬಹುಮಟ್ಟಿಗೆ ಹೊರಟುಹೋದ ಮೇಲೆ ಗಾಜಿನಂತೆ ಪೆಡಸಾಗುವುದೇ ಗರಿಗರಿಯ ಗುಟ್ಟು. ಆ ಗುಣವು ಅಕ್ಕಿಗೂ ಜೋಳಕ್ಕೂ ಬೇಕಾದಷ್ಟಿದೆ.

ಇವುಗಳಲ್ಲಿ ಅಗ್ರಸ್ಥಾನವು ಉತ್ತರ ಕರ್ನಾಟಕದ ಕಡಕ್ ರೊಟ್ಟಿಗೆ ಸಲ್ಲತಕ್ಕದ್ದು. ಬಿಳಿ ಜೋಳದ ಹಿಟ್ಟಿಗೆ ಕುದಿಯುವ ಎಸರನ್ನು ಸುರಿದು ನಾದಿದಾಗ ಪಿಷ್ಟದ ಒಂದು ಭಾಗವು ಬೆಂದು ಅಂಟಾಗಿ, ಗೋದಿಯ ಜಿಗುಟಿನ ಕೆಲಸವನ್ನು ತಾನು ಮಾಡುತ್ತದೆ. ಹಿಟ್ಟು ಹೊಸದಾಗಿ ಬೀಸಿದ್ದಾಗಿರಬೇಕು. ಹಳೆಯ ಹಿಟ್ಟಿನ ರೊಟ್ಟಿಯು ಬಡಿಯುವಾಗ ಅಂಚಿನಲ್ಲಿ ಬಿರಿಯುತ್ತದೆ. ತೆಳ್ಳಗೆ ಬಡಿದು ಹಂಚಿನ ಮೇಲೆ ಬೇಯಿಸಿದ ತರುವಾಯ ಒಲೆಯ ಸುತ್ತ ಆನಿಸಿಟ್ಟು, ಸಣ್ಣ ಕಾವಿನಲ್ಲಿ ತೇವವೆಲ್ಲ ಆರುವವರೆಗೂ ಬಿಡತಕ್ಕದ್ದು. ಹೀಗೆ ಮಾಡಿದ ರೊಟ್ಟಿಯು ವಾರಗಟ್ಟಲೆ ಕೆಡದು. ಮಗುವಿಗಾಗಿ ಮಾಡುವಾಗ ದೊಡ್ಡ ರೊಟ್ಟಿಯ ಬದಲು ಅಂಗೈಯಗಲದ, ಬಿಸ್ಕತ್ತಿನ ಗಾತ್ರದ ಸಣ್ಣ ಬಿಲ್ಲೆಗಳನ್ನು ಮಾಡಿ ಮೇಲೆ ಎಳ್ಳನ್ನು ಒತ್ತಿದರೆ ಅದು ಪರಿಚಿತ ಪದಾರ್ಥದಂತೆಯೇ ಕಾಣುತ್ತದೆ. ಸಜ್ಜೆಯಿಂದಲೂ ಹೀಗೆಯೇ ಮಾಡಬಹುದು. ರೊಟ್ಟಿಯು ಮೆತ್ತಗಾಗಲೆಂದು ಜೋಳದ ಹಿಟ್ಟಿಗೆ ಒಂದು ಹಿಡಿ ಗೋದಿಹಿಟ್ಟನ್ನು ಬೆರೆಸುವ ವಾಡಿಕೆಯು ಕೆಲವು ಮನೆಗಳಲ್ಲಿದೆ. ಈ ಮಗುವಿನ ಮನೆಯಲ್ಲಿ ಅದು ನಿಂತುಹೋಗಬೇಕು.

ಎರಡನೆಯದು ನಾಗರ ಪಂಚಮಿಯ ಅಳ್ಳು. ಸಣ್ಣ ಗಾತ್ರದ, ಗಟ್ಟಿ ತಿರುಳಿನ ಅಳ್ಳಿನ ಜೋಳವನ್ನು ಹಿಂದಿನ ಸಂಜೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಮುಚ್ಚಿಟ್ಟು, ಮರುದಿನ ನೆರಳಿನಲ್ಲಿ ಮೇಲ್ತೇವವಾರಿಸಿ, ಕಾದ ಹಂಚಿನಲ್ಲಿ ಒಂದೊಂದೇ ಹಿಡಿಯಷ್ಟು ಹಾಕಿ ಹುರಿಯುವರು. ಕಾಳಿನೊಳಗಿನ ನೀರು ಆವಿಯಾಗಿ, ಸಿಪ್ಪೆಯು ತಡೆದುಕೊಳ್ಳುವಷ್ಟು ತಡೆದು, ಒಮ್ಮೆಲೇ ಬಿರಿದು ಹೂವಾಗುತ್ತದೆ. ಆದುದರಿಂದ ತೀರ ಒಣಗಿದ ಕಾಳೂ ಸಿಪ್ಪೆ ಒಡೆದ ಕಾಳೂ ಅರಳುವುದಿಲ್ಲ. ನೂರು ಪಾಲಿಗೆ ಸುಮಾರು 13–14 ಪಾಲು ತೇವವಿದ್ದರೆ ಉತ್ತಮ. ಯಂತ್ರದಲ್ಲಿ ಬಿರುಸಾಗಿ ಒಕ್ಕಿದ ಜೋಳವು ಅಳ್ಳಿಗೆ ಒದಗದಿರುವುದಕ್ಕೆ ಸಿಪ್ಪೆ ಸೀಳುವುದೇ ಕಾರಣ. ರಾಗಿಯನ್ನೂ ಇದೇ ಮೇರೆಗೆ ನೆನಸಿ ಆರಿಸಿ ಅರಳಿಸಬಹುದು. ಹಳೆಯ ಮೈಸೂರಿನ ಕಡೆಯವರಿಗೆ ಹುರಿಹಿಟ್ಟಿನ ಮೂಲಕ ಇದು ಚಿರಪರಿಚಿತ. ಅರಳಿದ ರಾಗಿಯನ್ನು ಬೀಸದೆ ಬೆಲ್ಲದ ಗಟ್ಟಿಪಾಕದಲ್ಲಿ ಕಲಸಿ ತಟ್ಟೆಗೆ ಸುರಿದು ಕತ್ತರಿಸಿದರೆ ಒಳ್ಳೆಯ ಕುರುಕಲಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೀರಿದ ಸುಣ್ಣದಂಶವಿದೆ. ಕರುಳು ಕೆಟ್ಟು ಎಲುಬು ಸೊರಗಿದ ಮಗುವಿಗೆ ಇದರ ಪ್ರಯೋಜನವು ಸಣ್ಣದಲ್ಲ.

ಚಕ್ಕುಲಿಯ ವಿಷಯವನ್ನು ಹೆಚ್ಚು ಬೆಳೆಸಬೇಕಾದುದಿಲ್ಲ. ನಾಲ್ಕು ಪಾವು ಅಕ್ಕಿಹಿಟ್ಟಿಗೆ ಒಂದು ಪಾವು ಹುರಿದ ಉದ್ದಿನ ಹಿಟ್ಟೆಂಬ ಹಳೆಯ ಲೆಕ್ಕವೇ ಸಾಕು. ಅಕ್ಕಿಯಲ್ಲಿ ಒಂದು ಪಾವನ್ನು ತೆಗೆದು ರಾಗಿಯನ್ನು ಸೇರಿಸಿದರೆ ಬಣ್ಣ ಕಪ್ಪಾಗುವುದಲ್ಲದೆ ಮತ್ತೇನೂ ಕೆಡುವುದಿಲ್ಲ. ನಿಪ್ಪಟ್ಟು ಮತ್ತು ಕೋಡುಬಳೆಗಳಲ್ಲಿ ಮಾತ್ರ ಜಾಗರೂಕತೆ ಬೇಕು. ಇವೆರಡಕ್ಕೂ ಮೈದಾಹಿಟ್ಟನ್ನೋ ಚಿರೋಟಿ ರವೆಯನ್ನೋ ಬೆರೆಸುವುದು ಬಹು ಕಡೆಗಳಲ್ಲಿ ರೂಢಿಯಾಗಿದೆ. ಅದರ ಬದಲು ಹುರಿಗಡಲೆಯ ಹಿಟ್ಟು, ತರಿಯಾಗಿ ಕುಟ್ಟಿದ ಕಡಲೆಕಾಯಿ ಬೀಜ, ಎಳ್ಳು, ಕೊಚ್ಚಿದ ನುಗ್ಗೆಸೊಪ್ಪು ಇವನ್ನು ಹಾಕತಕ್ಕದ್ದು. ಸೊಪ್ಪನ್ನು ಪಲ್ಯದಲ್ಲಿ ಕಂಡು ಓಡುವ ಮಗುವು ನಿಪ್ಪಟ್ಟಿನಲ್ಲಿ ಅದನ್ನು ಗಮನಿಸದೆ ತಿನ್ನುವುದುಂಟು. ಹಿಟ್ಟಿಗೆ ಬಿಸಿ ಎಣ್ಣೆಯನ್ನು ಹದವಾಗಿ ಬೆರೆಸಬೇಕು. ಹೆಚ್ಚಾದರೆ ಬಾಣಲೆಯಲ್ಲಿ ಪುಡಿಯಾಗುವುದು, ಕಡಮೆಯಾದರೆ ಕಲ್ಲಾಗುವುದು. ಕರಿಯುವ ಎಣ್ಣೆಯು ಪೂರಿಯನ್ನು ಕರಿದ ಎಣ್ಣೆಯಾಗಿರಕೂಡದು.

ಮಲೆನಾಡಿನ ಹಲಸಿನ ಹಪ್ಪಳ, ಅಕ್ಕಿ ಸಂಡಿಗೆ, ಅರಳು ಸಂಡಿಗೆ, ಮಂಡಕ್ಕಿ, ಬಿಸಿಲಿನಲ್ಲಿ ಕಾಯಿಸಿ ಹುರಿದ ಪೇಪರ್ ಅವಲಕ್ಕಿ, ಕಡಲೆಕಾಯಿ ಬೀಜದ ಚಿಕ್ಕಿ, ಕರಾವಳಿಯ ಬಾಳೆಕಾಯಿಯ ಚಿಪ್ಸು, ಇವೆಲ್ಲವೂ ಯೋಗ್ಯವಾದುವೇ. ಕುರಡಗಿ ಎಂಬುದು ಮಾತ್ರ ಗೋದಿಯ ಹಾಲಿನಿಂದ ಮಾಡತಕ್ಕದ್ದಾದುದರಿಂದ ವರ್ಜ್ಯ. ಸಂಡಿಗೆಯ ಡಬ್ಬಿಯಲ್ಲಿ ಅದನ್ನು ಸೇರಿಸಿಡಲೂಬಾರದು. ಸೌತೆ, ಗಜ್ಜರಿ, ಎಳೆಯ ಮೂಲಂಗಿಗಳನ್ನು ಹಸಿಯಾಗಿಯೇ ಕಡ್ಡಿಗಳಂತೆ ಸೀಳಿ ಕೊಟ್ಟರೆ, ಬೇಯಿಸಿದ ತರಕಾರಿಯನ್ನು ಮುಟ್ಟದ ಮಗುವೂ ಅನೇಕವೇಳೆ ಕಡಿದು ತಿನ್ನುತ್ತದೆ. ನಾಲ್ಕು ವರುಷಕ್ಕೆ ಚಿಕ್ಕದಾದ ಮಕ್ಕಳಿಗೆ ಇಡಿಯ ಕಡಲೆಕಾಯಿ ಬೀಜ, ಹುರಿದ ಕಡಲೆ, ಗಟ್ಟಿಯಾದ ಚಿಕ್ಕಿ, ಅರಳದೆ ಉಳಿದ ಜೋಳದ ಕಾಳು ಇವನ್ನು ಕೊಡಬಾರದು. ಉಸಿರುನಾಳದಲ್ಲಿ ಸಿಕ್ಕಿಕೊಂಡು ಪ್ರಾಣಾಪಾಯವಾಗುವ ಸಂಭವವಿದೆ. ಕುಟ್ಟಿ ಪುಡಿಮಾಡಿ ಬೇರೆ ತಿಂಡಿಯಲ್ಲಿ ಸೇರಿಸಬಹುದು.

ಹೊಸ ತಿಂಡಿಯನ್ನು ಅಭ್ಯಾಸಮಾಡಿಸುವುದರಲ್ಲಿ ಬಲಾತ್ಕಾರವು ಫಲಕೊಡದು. ಮಗುವು ಈಗಾಗಲೇ ತಿನ್ನುತ್ತಿರುವ ಒಂದು ಪದಾರ್ಥದ ಪಕ್ಕದಲ್ಲಿ ಹೊಸದರ ಒಂದು ಚೂರನ್ನಿಟ್ಟು ಸುಮ್ಮನಿರತಕ್ಕದ್ದು. ಮುಟ್ಟಿ ನೋಡಿ ಬಿಟ್ಟರೆ ಬಿಡಲಿ. ಹತ್ತು ಹದಿನೈದು ಸಲ ಕಣ್ಣಿಗೆ ಬಿದ್ದ ಮೇಲೆ ಬಾಯಿಗಿಡುವ ಮಕ್ಕಳೂ ಇರುವರು; ಮೂರು ಸಲಕ್ಕೇ ಸೋತು ಬಿಟ್ಟುಬಿಡುವುದು ದೊಡ್ಡವರ ದೋಷ. ಆಕಾರವನ್ನೂ ರುಚಿಯನ್ನೂ ಒಂದೇ ದಿನ ಬದಲಾಯಿಸಕೂಡದು. ಕುರುಕು ತಿಂಡಿಯೇ ಊಟವಾಗಿಬಿಡದಂತೆಯೂ ನೋಡಿಕೊಳ್ಳಬೇಕು. ಕಡಕ್ ರೊಟ್ಟಿಯನ್ನು ತಿನ್ನಲು ಕಲಿತ ಮಗುವಿಗೆ ಅದನ್ನು ಮೊಸರಿಗೋ ಗಟ್ಟಿ ಬೇಳೆಗೋ ಅದ್ದಿ ತಿನ್ನುವುದನ್ನು ಕಲಿಸುವುದು ಮುಂದಿನ ಮೆಟ್ಟಿಲು.

ಇನ್ನು ಜಮೀನುದಾರರಿಗೂ ಗ್ರಾಮದ ಮುಖಂಡರಿಗೂ ಸಂಬಂಧಪಟ್ಟ ಭಾಗ. ಮನೆಯಲ್ಲಿ ಇಷ್ಟೆಲ್ಲ ಮಾಡಿಯೂ ಮಗುವು ಚೇತರಿಸಿಕೊಳ್ಳದಿದ್ದರೆ, ಕಾರಣವು ಅಡಿಗೆಮನೆಯಲ್ಲಿರದೆ ಕಣದಲ್ಲಿಯೋ ಹಿಟ್ಟಿನ ಗಿರಣಿಯಲ್ಲಿಯೋ ಇರಬಹುದು. ಗ್ಲೂಟೆನ್‌ರಹಿತವೆಂದು ಹೇಳಿಕೊಳ್ಳುವ ಪದಾರ್ಥದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲೂಟೆನ್ ಇರಕೂಡದೆಂಬುದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಇದರ ಅರ್ಥವನ್ನು ಕಾಳಿನ ಲೆಕ್ಕದಲ್ಲಿ ನೋಡಿದರೆ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ. ಒಂದು ಗೋದಿ ಕಾಳಿನ ತೂಕ ಸುಮಾರು 40 ಮಿಲಿಗ್ರಾಂ. ಅದರಲ್ಲಿ ಹತ್ತರಲ್ಲೊಂದು ಪಾಲು ಗ್ಲೂಟೆನ್ ಎಂದಿಟ್ಟುಕೊಂಡರೆ ಕಾಳಿಗೆ 4 ಮಿಲಿಗ್ರಾಂ ಆಯಿತು. ಅಂದರೆ ಒಂದು ಕಿಲೋ ಜೋಳದಲ್ಲಿ ಐದು ಗೋದಿ ಕಾಳುಗಳು ಸೇರಿದರೆ ಮಿತಿಯು ಮುಗಿಯಿತು. ಇದೇ ಲೆಕ್ಕದಂತೆ ಹತ್ತು ಕಿಲೋ ಜೋಳದ ಹಿಟ್ಟಿಗೆ ಎರಡು ಗ್ರಾಂ ಗೋದಿಹಿಟ್ಟು, ಅಂದರೆ ಒಂದು ಸಣ್ಣ ಚಮಚಕ್ಕಿಂತಲೂ ಕಡಮೆ, ಸೇರಿದರೆ ಸಾಕು. ಗೋದಿಯನ್ನು ಬೀಸಿದ ಗಿರಣಿಯ ಕಲ್ಲಿನ ಸಂದಿಯಲ್ಲಿಯೂ ಹಿಟ್ಟು ಬೀಳುವ ಬಟ್ಟೆಯ ಚೀಲದಲ್ಲಿಯೂ ಇದಕ್ಕಿಂತ ಎಷ್ಟೋ ಪಾಲು ಹೆಚ್ಚಾದ ಹಿಟ್ಟು ಅಂಟಿಕೊಂಡಿರುವುದು ಎಲ್ಲರೂ ಕಂಡದ್ದೇ. ಸರದಿಯಲ್ಲಿ ಗೋದಿಯವರ ಹಿಂದೆ ನಿಂತು ಬೀಸಿಸಿಕೊಂಡು ಬಂದ ಜೋಳದ ಹಿಟ್ಟು ಈ ಮಗುವಿನ ಪಾಲಿಗೆ ಗೋದಿಹಿಟ್ಟೇ ಸರಿ.

ಹಿಂಗಾರಿಯಲ್ಲಿ ಜೋಳವನ್ನೂ ಗೋದಿಯನ್ನೂ ಅಕ್ಕಪಕ್ಕದಲ್ಲಿ ಬೆಳೆಯುವ ಕರಿಮಣ್ಣಿನ ಸೀಮೆಯಲ್ಲಿ ಎರಡಕ್ಕೂ ಒಂದೇ ಕಣ, ಒಂದೇ ಒಕ್ಕುವ ಯಂತ್ರ, ಒಂದೇ ಗೋಣಿಚೀಲ ಬಳಕೆಯಾಗುವುದು. ಹೊಲದಿಂದ ಹೊಲಕ್ಕೆ ಬಾಡಿಗೆಗೆ ಹೋಗುವ ಯಂತ್ರವು ನೆರೆಯ ಊರಿನ ಗೋದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬರುತ್ತದೆ. ಆದಕಾರಣ ಮನೆಯ ಉಪಯೋಗಕ್ಕೆಂದು ಇಡತಕ್ಕ ಜೋಳವನ್ನು ಗೋದಿಯ ಒಕ್ಕಣೆಗೆ ಮೊದಲೇ, ಬೇರೆಯ ತಾಡಪಾಲಿನ ಮೇಲೆ, ಕೈಯಿಂದ ಬಡಿದು ಒಕ್ಕಿ, ಹೊಸ ಚೀಲದಲ್ಲಿ ಕಟ್ಟಿ ಗುರುತು ಹಾಕತಕ್ಕದ್ದು. ಬೀಸುವ ಮುನ್ನ ಬೆಳಕಿನಲ್ಲಿ ಮೊರದಲ್ಲಿ ಹರವಿ ಆರಿಸಬೇಕು. ಗುಂಡಗಿನ ಜೋಳದ ನಡುವೆ ನೀಳವಾದ ಗೋದಿಯು ಕಣ್ಣಿಗೆ ಬೀಳುತ್ತದೆ. ರಾಗಿಯಲ್ಲಿ ಈ ಶ್ರಮವೂ ಇಲ್ಲ. ಸಣ್ಣ ಕಣ್ಣಿನ ಜರಡಿಯಲ್ಲಿ ರಾಗಿಯು ಕೆಳಗಿಳಿದು ಗೋದಿಯು ಮೇಲೆ ನಿಲ್ಲುವುದರಿಂದ, ನಂಬಿ ಕೊಳ್ಳಬಹುದಾದ ಧಾನ್ಯಗಳಲ್ಲಿ ರಾಗಿಯೇ ಮೊದಲನೆಯದು.

ಗಿರಣಿಯ ವಿಷಯದಲ್ಲಿ ಮುಖಂಡರ ಒಂದು ಮಾತು ಬಹಳ ಕೆಲಸ ಮಾಡಬಲ್ಲದು. ವಾರದಲ್ಲಿ ಒಂದು ದಿನ ಬೆಳಿಗ್ಗೆ, ಗಿರಣಿಯನ್ನು ಗುಡಿಸಿ ಜಾಡಿಸಿ, ಮೊದಲು ಎರಡು ಮೂರು ಕಿಲೋ ಅಕ್ಕಿಯನ್ನು ಬೀಸಿ ಆ ಹಿಟ್ಟನ್ನು ದನಗಳಿಗೆ ಬಿಟ್ಟು, ತರುವಾಯ ಈ ಮನೆಯ ಧಾನ್ಯವನ್ನು ಬೀಸುವುದೆಂದು ಗೊತ್ತುಮಾಡಬಹುದು. ಬಟ್ಟೆಯ ಚೀಲವನ್ನು ಆ ಮನೆಯವರೇ ಒದಗಿಸತಕ್ಕದ್ದು. ಹೀಗೆ ಮಾಡಿದರೂ ಅಪಾಯವು ಕಡಮೆಯಾಗುವುದೇ ಹೊರತು ತೀರ ಇಲ್ಲವಾಗದು. ಅಟ್ಟದ ಮೇಲೆ ಬಿದ್ದಿರುವ ಹಳೆಯ ಬೀಸುವ ಕಲ್ಲನ್ನು ಇಳಿಸಿ ತೊಳೆದು, ಅದನ್ನು ಮಗುವಿನ ಹಿಟ್ಟಿಗೇ ಮೀಸಲಿಡುವುದು ಇದಕ್ಕಿಂತ ನಿಶ್ಚಿಂತೆಯಾದ ಉಪಾಯ.

ಅಂಗಡಿಯಿಂದ ಬರುವುದರಲ್ಲಿ ಮೂರು ವಸ್ತುಗಳು ಜನರನ್ನು ಹೆಚ್ಚಾಗಿ ಮೋಸಗೊಳಿಸುತ್ತವೆ. ಮೊದಲನೆಯದು ಇಂಗು. ಡಬ್ಬಿಯಲ್ಲಿ ಬರುವ ಇಂಗಿನಲ್ಲಿ ನಿಜವಾದ ಇಂಗು ಸ್ವಲ್ಪವೇ ಇದ್ದು, ಉಳಿದುದು ಅಂಟು ಮತ್ತು ಹಿಟ್ಟು. ಆ ಹಿಟ್ಟು ಅನೇಕವೇಳೆ ಗೋದಿಯದೇ ಆಗಿರುವುದು. ಚಕ್ಕುಲಿ, ಹಪ್ಪಳ, ಸಾರು, ಉಪ್ಪಿನಕಾಯಿಗಳಲ್ಲಿ ಗೋದಿಯು ನುಸುಳುವ ದಾರಿಯಿದು. ಎರಡನೆಯದು ರಾಗಿ ಬಿಸ್ಕತ್ತು. ಹೆಸರು ರಾಗಿಯದಾದರೂ ಹಲವುಗಳಲ್ಲಿ ಮೈದಾ ಅಥವಾ ಗೋದಿಹಿಟ್ಟೇ ಮುಖ್ಯ. ಪೊಟ್ಟಣದ ಹಿಂದೆ ಅಚ್ಚಾಗಿರುವ ಸಾಮಗ್ರಿಗಳ ಪಟ್ಟಿಯನ್ನು ಓದದೆ ಕೊಳ್ಳಕೂಡದು. ಮೂರನೆಯದು ಜವೆಗೋದಿ. ಹುಗ್ಗಿಗೆ ಹೆಸರಾದ ಈ ಕಪ್ಲಿ ಗೋದಿಯು ಹಳೆಯ ಕಾಲದ ತಳಿಯಾದುದರಿಂದ ನಿರಪಾಯಕರವೆಂಬ ಮಾತು ಈಚೆಗೆ ಹಬ್ಬಿದೆ. ಮಧುಮೇಹಿಗಳ ವಿಷಯದಲ್ಲಿ ಏನೇ ಇರಲಿ, ಇದರಲ್ಲಿಯೂ ಗ್ಲೂಟೆನ್ ಇರುವುದರಿಂದ ಈ ಮಗುವಿಗೆ ಇದು ಸಲ್ಲದು. ಬಾರ್ಲಿಯ ಮಾಲ್ಟನ್ನು ಬೆರೆಸಿದ ಪೌಷ್ಟಿಕ ಪುಡಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಮದುವೆ, ಜಾತ್ರೆ, ಪೂಜೆಗಳ ದಿನ ಪಥ್ಯವನ್ನು ಉಳಿಸಿಕೊಳ್ಳುವುದು ಎಲ್ಲಕ್ಕಿಂತ ಕಷ್ಟ. ಸತ್ಯನಾರಾಯಣ ಪೂಜೆಯ ಸಜ್ಜಿಗೆಯು ಗೋದಿಯ ರವೆ. ಪ್ರಸಾದವನ್ನು ಬೇಡವೆನ್ನಲು ತಾಯಿಗೆ ಬಾಯಿ ಬಾರದು, ಕೊಡುವವರಿಗೂ ಅಸಮಾಧಾನ. ಪೂಜೆಯನ್ನು ಮಾಡಿಸುವ ಯಜಮಾನರೇ ಮುಂದಾಗಿ ಆ ಮಗುವಿನ ಕೈಗೆ ನೈವೇದ್ಯದ ಬಾಳೆಹಣ್ಣನ್ನೋ ಕಲ್ಲುಸಕ್ಕರೆಯನ್ನೋ ಕೊಟ್ಟರೆ ಊರೇ ಅದನ್ನು ಅನುಸರಿಸುತ್ತದೆ. ಶಾಲೆಯ ಉಪಾಧ್ಯಾಯರಿಗೆ ವೈದ್ಯರ ಚೀಟಿಯನ್ನು ತೋರಿಸಿ, ರವೆಯ ಉಪ್ಪಿಟ್ಟೋ ಗೋದಿಯ ಪಾಯಸವೋ ಬಡಿಸುವ ದಿನ ಮಗುವು ತನ್ನ ಡಬ್ಬಿಯಿಂದಲೇ ತಿನ್ನುವಂತೆ ಏರ್ಪಾಡು ಮಾಡತಕ್ಕದ್ದು. ಆ ಡಬ್ಬಿಯಲ್ಲಿ ಇತರ ಮಕ್ಕಳೂ ಆಶೆಪಡುವಂಥ ಚಕ್ಕುಲಿಯೋ ಚಿಕ್ಕಿಯೋ ಇದ್ದರೆ, ಮಗುವು ನೆರೆಯ ಹುಡುಗನ ಬಿಸ್ಕತ್ತಿಗೆ ಕೈ ಚಾಚುವ ಸಂಭವ ಕಡಮೆ.

ಮಳೆಗಾಲದಲ್ಲಿ ಈ ತಿಂಡಿಗಳು ಗಾಳಿಯ ತೇವವನ್ನು ಹೀರಿ ಮೆತ್ತಗಾಗುವುವು. ಮೆತ್ತಗಾದುದನ್ನು ಈ ಮಗುವು ಮುಟ್ಟುವುದಿಲ್ಲ. ಪೂರ್ತಿ ಆರಿದ ಮೇಲೆಯೇ ಬಿಗಿಯಾದ ಮುಚ್ಚಳದ ಡಬ್ಬಿಗಳಲ್ಲಿ, ಒಂದು ದೊಡ್ಡ ಡಬ್ಬಿಯ ಬದಲು ನಾಲ್ಕು ಸಣ್ಣವುಗಳಲ್ಲಿ ತುಂಬಿ, ಒಂದು ಮುಗಿದ ಮೇಲೆ ಇನ್ನೊಂದನ್ನು ತೆರೆಯತಕ್ಕದ್ದು. ಮೆತ್ತಗಾದ ರೊಟ್ಟಿಯನ್ನು ಸಣ್ಣ ಕಾವಿನ ಹಂಚಿನ ಮೇಲೆ ಐದು ನಿಮಿಷವಿಟ್ಟರೆ ಪುನಃ ಗರಿಗರಿಯಾಗುತ್ತದೆ.

ಅಳ್ಳಿನ ಜೋಳವನ್ನು ಬಿತ್ತುವವರು ಈಗ ಕಡಮೆಯಾಗಿರುವರು. ಇಂಥ ಮಗುವಿರುವ ಊರಿನಲ್ಲಿ ಜಮೀನುದಾರರು ಮುಂಗಾರಿನಲ್ಲಿ ಒಂದೆರಡು ಗುಂಟೆಯಷ್ಟನ್ನಾದರೂ ಬಿತ್ತಿಸುವುದು ಲೇಸು. ಗುಂಟೆಯೊಂದಕ್ಕೆ 75ರಿಂದ 100 ಗ್ರಾಂ ಬೀಜ ಸಾಕು. ಬೇರೆ ಜೋಳದ ಪರಾಗವು ಸ್ವಲ್ಪಮಟ್ಟಿಗೆ ಬೆರೆಯುವುದರಿಂದ, ಮುಂದಿನ ವರುಷದ ಬೀಜಕ್ಕೆಂದು ನಡುಸಾಲುಗಳಲ್ಲಿ ಹತ್ತಿಪ್ಪತ್ತು ಒಳ್ಳೆಯ ತೆನೆಗಳನ್ನು ಆರಿಸಿ, ಹೂ ಬಿಡುವ ಮುನ್ನವೇ ಅವಕ್ಕೆ ಕಾಗದದ ಚೀಲಗಳನ್ನು ಕಟ್ಟಬೇಕು. ಕಾಳು ಬಲಿತ ತರುವಾಯ ಆ ತೆನೆಗಳನ್ನು ಬೇರೆಯಾಗಿ ಕೊಯ್ದು, ಕೈಯಲ್ಲಿಯೇ ಉದುರಿಸಿ, ಬೂದಿ ಬೆರೆಸಿ ಗಡಿಗೆಯಲ್ಲಿ ಇಡತಕ್ಕದ್ದು.